ಬಳೆಗಾರನ ಕುದುರೆ ಏರಿದ ಅಜ್ಜ

ಮೈದುನನಿಗೆ ಹೆಣ್ಣು ನೋಡಲು ನಾನೂ ನಮ್ಮ ಅತ್ತೆಯೂ ನಡೆದುಕೊಂಡು ಹೊರಟದ್ದು ಹಿಂಗಾರಿ ಬಿತ್ತನೆಯ ದಿನಗಳಲ್ಲಿ. ಯುದ್ಧ ಮುಗಿದಿತ್ತು, ಆದರೆ ಅಂಗಡಿಗಳಲ್ಲಿ ಬಟ್ಟೆ ಇನ್ನೂ ಸರಿಯಾಗಿ ಸಿಗುತ್ತಿರಲಿಲ್ಲ. ಕುಷ್ಟಗಿ ಸೀಮೆ ಆಗ ನಿಜಾಮರ ಕೈಯಲ್ಲಿತ್ತು. ತುಂಗಭದ್ರೆಗೆ ಕಟ್ಟೆ ಕಟ್ಟುವ ಕೆಲಸ ಶುರುವಾಗಿ ಮೈದುನ ಅಲ್ಲಿ ಕಲ್ಲು ಹೊರಲು ಹೋಗಿದ್ದ. ಒಮ್ಮೆ ಊರಿಗೆ ಬಂದಾಗ ತಲೆಗೆ ಎಣ್ಣೆ ಬಡಿದು, ಓರೆ ಬೈತಲೆ ತೆಗೆದು, ಬಾಯಲ್ಲಿ ಬೀಡಿ ಇಟ್ಟುಕೊಂಡು ಬಂದ. ಅದನ್ನು ನೋಡಿದ ಅತ್ತೆ ಅಂದೇ ತೀರ್ಮಾನ ಮಾಡಿದರು.

"ಇವಗ ಲಗೂನ ಲಗ್ನ ಮಾಡಬೇಕು."

"ಬಿತ್ತಿಗಿ ಮುಗೀಲಿ, ಬಂಡಿ ಹೂಡತೀನಿ," ಎಂದರು ಮಾವ.

"ಬಿತ್ತಿಗಿ ಮುಗಿಯೂದ್ರಾಗ ಆ ಹುಡುಗಿ ಮತ್ತೊಬ್ಬರ ಮನಿ ಸೇರತಾಳ. ನೀವು ಬಿತ್ತಿಕೋಂತ ಇರ್ರಿ. ನಾವು ಹೋಗಿ ಕಣ್ಣಿಗೆ ಹಾಕ್ಕೊಂಡು ಬರತೀವಿ."

ಹುಡುಗಿಯ ಊರು ಬೇವೂರಿನ ಆಚೆ. ಯಾರೋ ದೂರದ ನೆಂಟರು ಹೇಳಿದ ಸಂಬಂಧ. ಬೆಳಕು ಹರಿಯುವ ಮೊದಲೇ ನಾವು ಹೊರಟೆವು. ನನ್ನ ತಲೆಯ ಮೇಲೆ ಬುಟ್ಟಿ. ಅದರಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಎರಡು ಉಳ್ಳಾಗಡ್ಡಿ. ಎಲ್ಲದರ ತಳಕ್ಕೆ ಅತ್ತೆ ಪೆಟ್ಟಿಗೆಯಲ್ಲಿ ಬಹಳ ದಿನದಿಂದ ಜೋಪಾನ ಮಾಡಿದ್ದ ಹಸಿರು ಇಳಕಲ್ ಸೀರೆ. ಹುಡುಗಿ ಮನಸ್ಸಿಗೆ ಬಂದರೆ ಉಡಿಸುವುದು, ಬರದಿದ್ದರೆ ತೋರಿಸದೆ ವಾಪಸು ತರುವುದು ಎಂದು ಅವರ ಲೆಕ್ಕ.

ನಮ್ಮ ಅತ್ತೆ ಎತ್ತರದ ಹೆಂಗಸು. ನಡೆದರೆ ಅವರ ಹಿಂದೆ ನಾನು ಓಡಬೇಕು. ಅವರಿಗೆ ಮಾತಾಡಲು ಎದುರಿಗೆ ಮನುಷ್ಯರೇ ಇರಬೇಕೆಂದಿರಲಿಲ್ಲ. ಬೀಸುವಾಗ ಕಲ್ಲಿನೊಂದಿಗೆ, ಹಿಂಡುವಾಗ ಎಮ್ಮೆಯೊಂದಿಗೆ, ದಾರಿಯಲ್ಲಿ ಅಡ್ಡ ಬಂದ ನಾಯಿಯೊಂದಿಗೆ ಒಂದೇ ಸಮನೆ ಮಾತಾಡುತ್ತಿದ್ದರು. ನಾನು ಆ ಮನೆಗೆ ಬಂದು ಬಹಳ ದಿನವಾಗಿರಲಿಲ್ಲ. ಹೂಂ, ಅಲ್ಲ ಎಂಬ ಎರಡು ಮಾತುಗಳಲ್ಲೇ ನನ್ನ ಕೆಲಸ ನಡೆಯುತ್ತಿತ್ತು.

ಬೇವೂರು ದಾಟಿದ ಮೇಲೆ ನಾವು ದಾರಿ ತಪ್ಪಿದೆವು. ಹೊಲಗಳ ನಡುವಿನ ಕಾಲುದಾರಿ ಹಿಡಿದು ಹೋದರೆ ಬೇಗ ಮುಟ್ಟುತ್ತೀರಿ ಎಂದು ಒಬ್ಬ ಹೇಳಿದ್ದ. ಆ ಕಾಲುದಾರಿ ನಮ್ಮನ್ನು ಒಂದು ದೊಡ್ಡ ಬೇವಿನ ಮರದ ಹತ್ತಿರ ತಂದು ಬಿಟ್ಟಿತು. ಅಲ್ಲಿ ಮೂರು ಬಂಡಿದಾರಿಗಳು ಬಂದು ಕೂಡುತ್ತಿದ್ದವು. ಯಾವುದು ಯಾವ ಊರಿಗೆ ಎಂದು ಹೇಳುವವರಿಲ್ಲ. ಬಿಸಿಲು ನೆತ್ತಿಗೆ ಬಂದಿತ್ತು.

ಮರದ ಬುಡದಲ್ಲಿ ಒಬ್ಬ ಮುದುಕ ಕುಳಿತಿದ್ದ. ಮಡಿ ಧೋತರ, ತಲೆಗೆ ಹೊಸ ರುಮಾಲು, ಹಣೆಯ ತುಂಬ ಮೂರೆಳೆ ವಿಭೂತಿ. ಚಕ್ಕಳಮಕ್ಕಳ ಹಾಕಿ, ಬೆನ್ನನ್ನು ಮರಕ್ಕೆ ಆನಿಸಿ, ಕಣ್ಣು ಅರೆಮುಚ್ಚಿಕೊಂಡು ಗತ್ತಿನಿಂದ ಕುಳಿತಿದ್ದ.

"ಯಜಮಾನ್ರ, ಇದರಾಗ ನಮ್ಮ ಬೀಗರ ಊರಿಗೆ ಹೋಗೂ ದಾರಿ ಯಾವುದ್ರಿ?" ಎಂದು ಅತ್ತೆ ಊರಿನ ಹೆಸರು ಹೇಳಿ ಕೇಳಿದರು. ಇನ್ನೂ ಹುಡುಗಿಯನ್ನೇ ನೋಡಿರಲಿಲ್ಲ, ಆಗಲೇ ಬೀಗರಾಗಿಬಿಟ್ಟಿದ್ದರು.

ಮುದುಕ ಮಾತಾಡಲಿಲ್ಲ.

"ಕಿವಿ ಮಂದ ಇರಬೇಕು, ಪಾಪ," ಎಂದು ಅತ್ತೆ ಹತ್ತಿರ ಹೋಗಿ ಗಟ್ಟಿಯಾಗಿ ಕೂಗಿದರು. ಮೂರೂ ದಾರಿಗಳ ಕಡೆಗೆ ಒಂದೊಂದಾಗಿ ಕೈ ಮಾಡಿ, "ಇದಾ? ಇದಾ? ಹಂಗಾರ ಇದಾ?" ಎಂದು ಕೇಳಿ, ಅವನ ತಲೆ ಯಾವಾಗ ಆಡುತ್ತದೆಯೋ ಎಂದು ಮುಖವನ್ನೇ ನೋಡಿದರು. ತಲೆ ಆಡಲಿಲ್ಲ. ಆಗ ಅವರಿಗೆ ಸಿಟ್ಟು ಬಂತು.

"ಹೆಣ್ಮಕ್ಕಳು ಬಿಸಲಾಗ ನಿಂತು ದಾರಿ ಕೇಳಿದ್ರ ಬಾಯಿ ಬಿಡಬಾರದು ಅನ್ನೂದು ಯಾವ ಊರ ರೀತಿರಿ? ಹಣಿ ತುಂಬ ವಿಭೂತಿ ಬ್ಯಾರೆ! ಹಚ್ಕೊಂಡಿದ್ದಕ್ಕರ ಒಂದೀಟು ದಯಾ ಬ್ಯಾಡೇನು?"

ಇಷ್ಟು ಬೈದ ಮೇಲೆ, ತಾವೇ ಹೇಳಿದ ವಿಭೂತಿಯ ಮಾತು ಅವರ ತಲೆಗೆ ಹೊಕ್ಕಿತು. ದನಿ ಇಳಿಸಿ ನನ್ನ ಕಿವಿಯಲ್ಲಿ, "ಏ ಹುಡುಗಿ, ಮೌನದಾಗ ಅದಾರೋ ಏನೋ. ಜಂಗಮರಿರಬೇಕು. ಬೈದು ಕೆಟ್ಟೆ," ಎಂದರು. ನೆಲಕ್ಕೆ ಹಣೆ ಹಚ್ಚಿ ನಮಸ್ಕಾರ ಮಾಡಿದರು. ನನ್ನಿಂದಲೂ ಮಾಡಿಸಿದರು.

ಮೌನ ಮುರಿಯುವವರೆಗೆ ಕಾಯುವುದು, ಅಷ್ಟರಲ್ಲಿ ಉಂಡುಬಿಡುವುದು ಎಂದು ನೆರಳಲ್ಲಿ ಕುಳಿತೆವು. ನಾನು ಬುತ್ತಿ ಬಿಚ್ಚಿದೆ. ಎದುರಿಗೆ ಒಬ್ಬರನ್ನು ಕೂರಿಸಿಕೊಂಡು ನಾವಷ್ಟೇ ತಿನ್ನುವುದು ಸರಿಯಲ್ಲವೆಂದು ಅತ್ತೆ ಒಂದು ರೊಟ್ಟಿಯ ಮೇಲೆ ಚಟ್ನಿ ಹಾಕಿ ಅವನ ಮುಂದೆ ಇಟ್ಟರು. ಒಂದು ಕಾಗೆ ಇಳಿದು ಬಂದು ಆ ರೊಟ್ಟಿಯನ್ನು ಕುಕ್ಕತೊಡಗಿತು. ಮುದುಕ ಅದನ್ನು ಓಡಿಸಲಿಲ್ಲ. ಒಂದು ನೊಣ ಅವನ ಕಣ್ಣಿನ ಅಂಚಿನಲ್ಲಿ ಓಡಾಡಿ, ಮೂಗಿನ ಮೇಲೆ ಇಳಿದು, ತುಟಿಯ ಮೇಲೆ ಬಂದು ಕುಳಿತಿತು. ನನ್ನ ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಆಮೇಲೆ ಅವನ ಎದೆಯ ಸುತ್ತ ಹೆಗಲ ಮೇಲೆ ಹಾಕುವ ವಲ್ಲಿಯೊಂದನ್ನು ಬಿಗಿದದ್ದು ಕಂಡಿತು. ಅದರ ಗಂಟು ಮರದ ಹಿಂದಿತ್ತು.

"ಅತ್ತಿ, ಇವರನ್ನ ಗಿಡಕ್ಕ ಕಟ್ಯಾರ," ಎಂದೆ.

ಆ ಮನೆಗೆ ಬಂದ ಮೇಲೆ ಅತ್ತೆಗೆ ನಾನಾಗಿಯೇ ಆಡಿದ ಮೊದಲ ಪೂರ್ತಿ ಮಾತು ಅದೇ ಇರಬೇಕು.

ಅತ್ತೆ ಎದ್ದು ಹೋಗಿ, ಹಂಚು ಕಾದಿದೆಯೋ ಇಲ್ಲವೋ ಎಂದು ನೋಡುವವರಂತೆ ಅವನ ಕೈಯನ್ನು ಬೆರಳಿನ ಹಿಂಬದಿಯಿಂದ ಮುಟ್ಟಿದರು.

"ಹೋಗ್ಯಾನ," ಎಂದರು. ಆಮೇಲೆ ಅವನ ಕಡೆಗೇ ತಿರುಗಿ, "ಯಪ್ಪಾ, ತಪ್ಪಾತೋ. ಗೊತ್ತಿರಲಿಲ್ಲ ನನಗ. ಸುಮ್ಮ ಬೈದೆ," ಎಂದರು.

ನಮ್ಮಲ್ಲಿ ಹೆಣವನ್ನು ಮಲಗಿಸುವುದಿಲ್ಲ. ಜೀವ ಹೋದ ಕೂಡಲೇ ಜಳಕ ಮಾಡಿಸಿ, ವಿಭೂತಿ ಹಚ್ಚಿ, ಗೋಡೆಗೆ ಆನಿಸಿ ಕೂರಿಸುತ್ತಾರೆ. ಬಿದಿರಿನಿಂದ ಮಂಟಪದಂತೆ ಕಟ್ಟಿದ ವಿಮಾನದಲ್ಲಿ ಕೂರಿಸಿ ಹೊತ್ತೊಯ್ದು, ಕುಳಿತಂತೆಯೇ ಮಣ್ಣು ಮಾಡುತ್ತಾರೆ. ಹಾಗಾಗಿ ಕುಳಿತ ಹೆಣವನ್ನು ನಾನು ಮೊದಲೂ ನೋಡಿದ್ದೆ. ಆದರೆ ಅವುಗಳ ಸುತ್ತ ಅಳುವವರು ಇರುತ್ತಿದ್ದರು. ಅಳುವವರಿಲ್ಲದೆ ಒಬ್ಬನೇ ದಾರಿ ಕಾಯುತ್ತ ಕುಳಿತ ಹೆಣವನ್ನು ನೋಡಿದ್ದು ಅದೇ ಮೊದಲು.

ನನಗೆ ಎದ್ದು ಓಡಿಬಿಡಬೇಕೆನಿಸಿತ್ತು. ಅತ್ತೆಗೆ ಬೇರೆ ಚಿಂತೆ. ಹೆಣ್ಣು ನೋಡಲು ಹೋಗುವಾಗ ಹೆಣ ಎದುರಿಗೆ ಬಂದರೆ ಒಳ್ಳೆಯ ಶಕುನ. ಆದರೆ ಇದು ಎದುರಿಗೆ ಬಂದದ್ದೋ, ಅಥವಾ ನಾವೇ ಇದರ ಎದುರಿಗೆ ಬಂದದ್ದೋ?

"ಅದು ಬರಬೇಕು, ನಾವು ಹೋಗಬಾರದು. ಇದು ಕುಂತೈತಿ. ಕುಂತದ್ದನ್ನ ಬಂತು ಅಂತ ಹೆಂಗ ಅನ್ನೂದು?" ಎಂದು ನನ್ನನ್ನೇ ಕೇಳಿದರು.

"ಹೋಗೂಣ್ರಿ ಅತ್ತಿ," ಎಂದೆ.

"ಎಲ್ಲಿಗೆ ಹೋಗೂದು? ಆ ಕಾಗಿ ನೋಡು, ರೊಟ್ಟಿ ಮುಗಿದ ಮ್ಯಾಲ ಏನು ತಿಂತೈತಿ ಅದು? ಯಾರರ ಬರಲಿ, ಒಪ್ಪಿಸಿ ಹೋಗೂಣು."

ನಾನು ಬೇವಿನ ಟೊಂಗೆ ಮುರಿದು ತಂದು ನೊಣ ಹೊಡೆಯುತ್ತ ಕುಳಿತೆ. ಅತ್ತೆ ಉಳಿದ ರೊಟ್ಟಿಯನ್ನು ಉಂಡು ಮುಗಿಸಿದರು. ಅವರಿಗೆ ಹಸಿವಾಗಿತ್ತು.

ಕಾಲುದಾರಿಯಲ್ಲಿ ಗೆಜ್ಜೆಯ ಸದ್ದು ಕೇಳಿಸಿತು. ಬಂದವನು ಬಳೆಗಾರ ಸಾಹೇಬ. ಗಡ್ಡ ನೆರೆತವನು, ತೆಳ್ಳಗಿನವನು. ಮುಂದೆ ಒಂದು ತಟ್ಟು ಕುದುರೆ, ಕತ್ತೆಗಿಂತ ತುಸು ಎತ್ತರದ್ದು. ಅದರ ಬೆನ್ನಿನ ಎರಡೂ ಬದಿಗೆ ಬಳೆಯ ಮಲಾರಗಳು ಜೋತುಬಿದ್ದಿದ್ದವು. ಹೆಂಗಸರನ್ನು ಕಂಡ ಕೂಡಲೇ ಅವನ ಮುಖ ಅರಳಿತು.

"ಸಲಾಮ್ರಿ ಯಜಮಾನ್ರ," ಎಂದು ಮೊದಲು ಮುದುಕನಿಗೆ ಹೇಳಿ, ನಮ್ಮ ಕಡೆ ತಿರುಗಿ ಮಲಾರ ಬಿಚ್ಚಿದ. "ಬರ್ರಿ ತಾಯಿ, ಹಸರ ಬಳಿ ಅದಾವು, ಚುಕ್ಕಿ ಬಳಿ ಅದಾವು. ಸಣ್ಣವ್ವಗ ಯಾವು ಬೇಕು? ನಿಮ್ಮ ಯಜಮಾನ್ರನ್ನ ಕೇಳ್ರಿ."

"ಅವ ಮಾತಾಡೂದಿಲ್ಲ, ಸತ್ತಾನ," ಎಂದರು ಅತ್ತೆ.

ಬಳೆಗಾರನ ಕೈಯಲ್ಲಿದ್ದ ಬಳೆಗಳು ಕಿಣಿಕಿಣಿ ಎಂದವು.

"ಯಾ ಅಲ್ಲಾ! ನಿಮಗ ಏನಾಗಬೇಕ್ರಿ?"

"ಏನೂ ಆಗಬೇಕಾಗಿಲ್ಲ. ಯಾರಂತನೂ ಗೊತ್ತಿಲ್ಲ. ನಾವು ದಾರಿ ಕೇಳಾಕ ಬಂದಿದ್ವಿ."

"ಹೆಣಕ್ಕೇನ್ರಿ?"

ಬಳೆಗಾರ ಮಲಾರ ಕಟ್ಟತೊಡಗಿದ. ಅನಾಥ ಹೆಣದ ಹತ್ತಿರ ಸಿಕ್ಕವರನ್ನು ಪೊಲೀಸ್ ಅಮೀನರು ಬಿಡುವುದಿಲ್ಲ, ಪಂಚನಾಮೆ ಎನ್ನುತ್ತಾರೆ, ಗವಾಹಿ ಸಾಕ್ಷಿ ಎನ್ನುತ್ತಾರೆ, ಕೊಪ್ಪಳಕ್ಕೆ ನಡಿ ಎನ್ನುತ್ತಾರೆ, ಅಲ್ಲಿ ಹೋಗಿ ಕುಳಿತರೆ ತನ್ನ ಮಕ್ಕಳ ಹೊಟ್ಟೆಗೇನು ಎಂದು ಒಂದೇ ಉಸಿರಿನಲ್ಲಿ ಹೇಳಿದ.

"ಹೋಗಪ್ಪ, ಹೋಗು," ಎಂದರು ಅತ್ತೆ. "ಇಬ್ಬರು ಹೆಣ್ಮಕ್ಕಳನ್ನ ಹೆಣದ ಮುಂದ ಬಿಟ್ಟು ಬಳಿಗಾರ ಓಡಿ ಹೋದ ಅಂತ ಊರೂರಿಗೆ ಹೇಳತೀನಿ. ಆಮ್ಯಾಲ ಬಳಿ ಯಾರು ಇಡಿಸ್ಕೋತಾರ ನೋಡೂಣು."

ಬಳೆಗಾರ ಸುಮ್ಮನೆ ಬಂದು ನೆರಳಲ್ಲಿ ಕುಳಿತ. ಈಗ ನಾವು ಹೆಣವೂ ಸೇರಿ ನಾಲ್ವರಾದೆವು. ತಟ್ಟು ಕಾಗೆ ಬಿಟ್ಟ ರೊಟ್ಟಿಯ ಚೂರನ್ನು ತಿಂದಿತು.

ಸ್ವಲ್ಪ ಹೊತ್ತಿಗೆ ನಡುವಿನ ಬಂಡಿದಾರಿಯಲ್ಲಿ ಒಬ್ಬ ಹೆಂಗಸು ಓಡಿ ಬರುವುದು ಕಾಣಿಸಿತು. ಬರಿಗಾಲು, ಬರಿಹಣೆ, ಕೈಯಲ್ಲಿ ಚೆಂಡು ಹೂವಿನ ಮಾಲೆ. ಬಂದವಳೇ ಮುದುಕನ ಮುಂದೆ ಕುಸಿದು, "ಯಪ್ಪಾ, ಒಬ್ಬಾಂವನ್ನ ಬಿಟ್ಟು ಹೋದರೇನೋ ಯಪ್ಪಾ," ಎಂದು ಅತ್ತಳು. ಅಳು ಮುಗಿಯುವವರೆಗೂ ಅತ್ತೆ ಅವಳ ಬೆನ್ನ ಮೇಲೆ ಕೈ ಇಟ್ಟುಕೊಂಡು ಕುಳಿತಿದ್ದರು. ಬಳೆಗಾರ ಮುಖ ತಿರುಗಿಸಿ ತಟ್ಟಿನ ಕಿವಿ ತೀಡುತ್ತಿದ್ದ.

ಆಮೇಲೆ ಅವಳು ಎಲ್ಲ ಹೇಳಿದಳು. ಮುದುಕ ಅವಳ ತಂದೆ. ಅವನಿಗೆ ಇಬ್ಬರು ಗಂಡುಮಕ್ಕಳು, ಒಬ್ಬ ಯಲಬುರ್ಗಿ ಕಡೆಯ ಹಳ್ಳಿಯಲ್ಲಿ, ಇನ್ನೊಬ್ಬ ಕೊಪ್ಪಳದ ಕಡೆಯ ಹಳ್ಳಿಯಲ್ಲಿ. ಇಬ್ಬರ ಮನೆಯಲ್ಲೂ ಅವನಿಗೆ ಜಾಗವಿರಲಿಲ್ಲ. ಗಂಡ ತೀರಿದ ಮಗಳ ಮನೆಯಲ್ಲೇ ವರ್ಷಗಟ್ಟಲೆ ಇದ್ದ. ಅಂದು ಕೋಳಿ ಕೂಗುವ ಹೊತ್ತಿಗೆ ಅಲ್ಲೇ ಜೀವ ಬಿಟ್ಟ. ಸುದ್ದಿ ತಿಳಿದು ಓಡಿ ಬಂದ ಮಕ್ಕಳಿಬ್ಬರೂ ಅಪ್ಪನ ಸಮಾಧಿ ತಮ್ಮ ಹೊಲದಲ್ಲೇ ಆಗಬೇಕೆಂದು ಹಟ ಹಿಡಿದರು. ಹಿರಿಯವನ ಹೊಲ ಎಂದು ಊರವರು ಹೇಗೋ ಒಪ್ಪಿಸಿ, ನೆರೆಮನೆಯವನ ಬಂಡಿಯಲ್ಲಿ ಕೂರಿಸಿ ಕಳಿಸಿದ್ದರು. ಈ ಬೇವಿನ ಮರದ ಹತ್ತಿರ ದಾರಿ ಒಡೆಯಿತು, ಮನಸ್ಸೂ ಒಡೆಯಿತು. ಕಿರಿಯವನು ಎತ್ತಿನ ಹಗ್ಗ ಹಿಡಿದು ತನ್ನ ಊರ ಕಡೆ ಜಗ್ಗಿದ. ಹಿರಿಯವನು ಈ ಕಡೆ ಜಗ್ಗಿದ. ಬಂಡಿಯವನಿಗೆ ರೇಗಿತು.

"'ನನ್ನ ಬಿತ್ತಿಗಿ ನಿಂತೈತಿ, ನಿಮ್ಮ ಜಗಳ ಮುಗಿದ ಮ್ಯಾಲ ಹೇಳ್ರಿ' ಅಂತ ಇಳಿಸಿ ಬಂದುಬಿಟ್ಟಾನ್ರಿ," ಎಂದಳು ಅವಳು. "ಯಾರು ಮೊದಲ ವಿಮಾನ ತರತಾರೋ ಅವರದ ಹೆಣ ಅಂತ ನಮ್ಮ ಅಣ್ಣತಮ್ಮ ಮಾತಾಡಿಕೊಂಡು, ಗಿಡಕ್ಕ ಕಟ್ಟಿ, ತಮ್ಮ ತಮ್ಮ ಊರಿಗೆ ಓಡ್ಯಾರಂತ. ಈ ಮಾಲಿ ಬಂಡ್ಯಾಗ ಬಿದ್ದಿತ್ತು. ಬಂಡಿ ನೋಡಿದ ಮ್ಯಾಲ ನನಗ ಗೊತ್ತಾತು."

"ಉಸಿರಿದ್ದಾಗ ಬ್ಯಾಡಾದಾಂವ ಈಗ ಇಬ್ಬರಿಗೂ ಬೇಕಾದನೇನು?" ಎಂದರು ಅತ್ತೆ.

"ಉಸಿರಿದ್ದಾಗ ರೊಟ್ಟಿ ಹಾಕಬೇಕಾಗತಿತ್ತಲ್ರಿ ಯವ್ವಾ."

ಅವಳು ಮಾಲೆಯನ್ನು ತಂದೆಯ ಕೊರಳಿಗೆ ಹಾಕಿದಳು. ನಾವು ಎಲ್ಲಿಗೆ ಹೊರಟವರು ಎಂದು ಆಗ ಕೇಳಿದಳು. ಹೆಣ್ಣು ನೋಡಲು, ಅದೂ ಅವಳದೇ ಊರಿಗೆ ಎಂದು ತಿಳಿದ ಮೇಲೆ ಗಾಬರಿಯಾಗಿ ಹಿಂದೆ ಸರಿದಳು.

"ಅಯ್ಯ ಯವ್ವಾ, ರಂಡಿಮುಂಡಿ ನಾ ಎದುರಿಗೆ ಬಂದ್ನೆಲ್ರಿ! ನಿಮ್ಮ ಕೆಲಸ ಕೆಟ್ಟೀತು."

"ನಿಮ್ಮಪ್ಪನೂ ಎದುರಿಗೆ ಅದಾನಲ್ಲ. ಒಂದಕ್ಕೊಂದು ವಜಾ ಆತು, ಬಿಡು," ಎಂದರು ಅತ್ತೆ. ಶಕುನದ ಚಿಂತೆ ಅಲ್ಲಿಗೆ ಅವರ ತಲೆಯಿಂದ ಹೋಯಿತು.

ಅಪ್ಪನನ್ನು ಮನೆಗೆ ಒಯ್ಯುತ್ತೇನೆ, ತನ್ನ ಹೊಲದ ಬದುವಿನಲ್ಲೇ ಮಣ್ಣು ಮಾಡಿಸುತ್ತೇನೆ, ಅವನಿಗೂ ಅದೇ ಮನಸ್ಸಿತ್ತು ಎಂದಳು ಮಗಳು. ಬಂಡಿಯವನು ಮತ್ತೆ ಬರುವುದಿಲ್ಲ, ಊರಿನ ಗಂಡಸರೆಲ್ಲ ಹೊಲಗಳಲ್ಲಿದ್ದಾರೆ. ಮೂವರು ಹೆಂಗಸರು ಏಕಕಾಲಕ್ಕೆ ಬಳೆಗಾರನ ತಟ್ಟನ್ನು ನೋಡಿದೆವು.

"ಬ್ಯಾಡ್ರಿ ತಾಯಿ," ಎಂದು ಅವನು ಎದ್ದು ನಿಂತ. "ಅದು ಬಳಿ ಹೊರೂ ಕುದುರಿ. ಹೆಣ ಅಂದ್ರ ಬೆದರತೈತಿ. ಆಮ್ಯಾಲ ನಾ ಮುಟ್ಟಿದ್ರ ನಿಮ್ಮವರು ಏನಂತಾರೋ, ಜಾತಿ ಗೀತಿ ಅಂತ..."

"ಜಾತಿ ಕೇಳಾಕ ಅವಗೆ ಬಾಯಿ ಐತೇನು?" ಎಂದರು ಅತ್ತೆ.

ಮಗಳು ಎದ್ದು ಬಂದಳು. ಬಳೆಗಾರನ ಮುಂದೆ ಸೆರಗೊಡ್ಡಿದಳು. ಅವನು ಆಕಾಶ ನೋಡಿದ, ತಟ್ಟನ್ನು ನೋಡಿದ, ಮುದುಕನನ್ನು ನೋಡಿದ. ಮಲಾರಗಳನ್ನು ಬಿಚ್ಚಿ ಒಂದನ್ನು ತಾನು ಹೆಗಲಿಗೆ ಹಾಕಿಕೊಂಡ, ಇನ್ನೊಂದನ್ನು ನನಗೆ ಕೊಟ್ಟ.

ಮುದುಕನ ಮೈ ಅಷ್ಟರಲ್ಲಿ ಮರದಂತೆ ಸೆಟೆದಿತ್ತು. ಮಡಿಚಿದ ಕಾಲು ಬಿಚ್ಚುವಂತಿರಲಿಲ್ಲ. ನಾಲ್ವರೂ ಸೇರಿ ಎತ್ತಿ, ತಟ್ಟಿನ ಬೆನ್ನಿನ ಗೋಣಿಯ ಮೇಲೆ ಚಕ್ಕಳಮಕ್ಕಳ ಹಾಕಿದಂತೆಯೇ ಇಟ್ಟೆವು. ತಟ್ಟು ಬೆದರಲಿಲ್ಲ, ಒಮ್ಮೆ ಹಿಂದೆ ತಿರುಗಿ ನೋಡಿತು, ಅಷ್ಟೇ. ಆದರೆ ಕೂರಿಸಿದ ಹೆಣ ನಿಲ್ಲುತ್ತಿರಲಿಲ್ಲ. ಮರಕ್ಕೆ ಕಟ್ಟಿದ್ದ ವಲ್ಲಿ ಗಿಡ್ಡವಾಯಿತು. ಬಳೆಗಾರನ ಹಗ್ಗ ಮಲಾರಕ್ಕೇ ಸಾಲದು. ಮಗಳು ತನ್ನ ಸೀರೆಯ ಸೆರಗನ್ನು ಹರಿಯಲು ಹೊರಟಳು.

ಅತ್ತೆ ಬುಟ್ಟಿಯ ಕಡೆ ನೋಡಿದರು. ಆ ಸೀರೆಯ ಮೇಲೆ ಅವರಿಗೆ ಎಷ್ಟು ಜೀವವೆಂದು ನನಗೆ ಗೊತ್ತಿತ್ತು. ಆಗಾಗ ಹೊರಗೆ ತೆಗೆದು ಮೂಸಿ ನೋಡಿ ಮತ್ತೆ ಪೆಟ್ಟಿಗೆಗೆ ಇಡುತ್ತಿದ್ದರು.

"ತಗಿ," ಎಂದರು ನನಗೆ. "ತಗಿ ಲಗೂನ, ನಾ ಮನಸು ತಿರುಗಸೂದ್ರಾಗ."

ಹೀಗೆ ಹಸಿರು ಇಳಕಲ್ ಸೀರೆಯನ್ನು ಮುದುಕನ ನಡುವಿಗೆ, ಎದೆಗೆ, ತಟ್ಟಿನ ಹೊಟ್ಟೆಯ ಸುತ್ತ ಬಿಗಿದೆವು. ಕೆಂಪು ಸೆರಗು ಒಂದು ಬದಿಗೆ ಜೋತುಬಿತ್ತು. ಬಳೆಗಾರ ಮುಂದೆ ಹಗ್ಗ ಹಿಡಿದ. ಮಗಳು ಎಡಕ್ಕೆ, ನಾನು ಬಲಕ್ಕೆ ಹೆಣವನ್ನು ಹಿಡಿದುಕೊಂಡೆವು. ಅತ್ತೆ ಖಾಲಿ ಬುಟ್ಟಿ ಹೊತ್ತು ಹಿಂದೆ ಬಂದರು. ತಟ್ಟು ಹೆಜ್ಜೆ ಇಟ್ಟಾಗಲೆಲ್ಲ ಮುದುಕನ ಇಡೀ ಮೈ ಒಂದೇ ಗೊಂಬೆಯಂತೆ ಈ ಕಡೆಗೊಮ್ಮೆ ಆ ಕಡೆಗೊಮ್ಮೆ ವಾಲುತ್ತಿತ್ತು. ನನ್ನ ಕಡೆ ವಾಲಿದಾಗ ನಾನು ಕಣ್ಣು ಮುಚ್ಚಿ ತಳ್ಳುತ್ತಿದ್ದೆ. ಸ್ವಲ್ಪ ದೂರ ಹೋದ ಮೇಲೆ ಕಣ್ಣು ಮುಚ್ಚುವುದನ್ನು ಬಿಟ್ಟೆ. ಭಯ ಎಲ್ಲಿ ಹೋಯಿತೋ ತಿಳಿಯದು. ತೋಳು ನೋಯತೊಡಗಿತ್ತು, ಅಷ್ಟೇ ಗೊತ್ತಾಗುತ್ತಿತ್ತು.

ದಾರಿಯ ಪಕ್ಕದ ಹೊಲದಲ್ಲಿ ಕೂಲಿ ಹೆಂಗಸರು ಕಸ ತೆಗೆಯುತ್ತಿದ್ದರು. ಮಾಲೆ ಹಾಕಿಕೊಂಡು, ವಿಭೂತಿ ಹಚ್ಚಿಕೊಂಡು ಕುದುರೆಯ ಮೇಲೆ ಪದ್ಮಾಸನ ಹಾಕಿ ಹೊರಟವನನ್ನು ಕಂಡು ಅವರು ಕುಡುಗೋಲು ಬಿಸುಟು ಓಡಿ ಬಂದರು.

"ಯಾವ ಮಠದವರ್ರಿ ಅಜ್ಜಾರು?"

ಮಗಳು ತಂದೆಯ ಧೋತರ ಸರಿಮಾಡತೊಡಗಿದಳು. ಬಳೆಗಾರ ನೆಲ ನೋಡುತ್ತಿದ್ದ. ಅತ್ತೆ ಹಿಂದಿನಿಂದ, "ಮೌನದಾಗ ಅದಾರ," ಎಂದರು. ಅದು ಸುಳ್ಳೂ ಅಲ್ಲ.

ಹೆಂಗಸರು ಒಬ್ಬೊಬ್ಬರಾಗಿ ಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಒಬ್ಬಳು ಮುಟ್ಟಿದ ಕೈಯನ್ನು ಹಾಗೇ ಹಿಡಿದುಕೊಂಡು, "ಪಾದ ಎಷ್ಟು ತಣ್ಣಗ ಅದಾವ ನೋಡ್ರವ್ವಾ," ಎಂದಳು.

"ತಪಸ್ಸು ಮಾಡಿದ ಕಾಲು, ತಣ್ಣಗ ಇರದ ಏನು," ಎಂದಳು ಪಕ್ಕದವಳು.

ಅವರು ಮರೆಯಾಗುವವರೆಗೂ ನಾವು ತಟ್ಟನ್ನು ಬೇಗಬೇಗ ನಡೆಸಿದೆವು. ಆಮೇಲೆ ಮೊದಲು ನಕ್ಕದ್ದು ಮಗಳು. ನಗುತ್ತ ನಗುತ್ತ ಅತ್ತಳು. "ನಮ್ಮಪ್ಪ ಹುಟ್ಟಿದಾಗಿಂದ ಒಂದು ಗಳಿಗಿ ಸುಮ್ಮ ಕುಂತಾಂವಲ್ರಿ. ಇವತ್ತ ನೋಡ್ರಿ, ಸ್ವಾಮಿ ಆಗ್ಯಾನ," ಎಂದಳು.

ಊರು ಬಂತು. ಊರ ಹೊರಗಿನ ಬಾವಿಯಲ್ಲಿ ನೀರು ಸೇದುತ್ತಿದ್ದ ಒಬ್ಬ ಹುಡುಗಿ ನಮ್ಮನ್ನು ದೂರದಿಂದ ನೋಡಿದಳು. ಕೊಡ ಅಲ್ಲೇ ಬಿಟ್ಟು ಊರೊಳಗೆ ಓಡಿದಳು. ಯಾಕೆ ಓಡಿದಳು ಎಂದು ನಮಗೆ ಆಗ ಹೊಳೆಯಲಿಲ್ಲ.

ಊರಬಾಗಿಲ ಅಗಸಿಯಲ್ಲಿ ಇದ್ದ ನಾಲ್ಕು ಮಂದಿ ನಮ್ಮನ್ನು ನೋಡಿ ದಿಗ್ಗನೆ ಎದ್ದರು. ಬೆಳಿಗ್ಗೆ ತಾವೇ ಅತ್ತು ಕಳಿಸಿದ ಮನುಷ್ಯ ಮಧ್ಯಾಹ್ನ ಕುದುರೆ ಏರಿ ಊರೊಳಗೆ ಬರುತ್ತಿದ್ದಾನೆ. ಒಬ್ಬ ಚಪ್ಪಲಿ ಬಿಟ್ಟು ಗುಡಿಯೊಳಗೆ ಹೊಕ್ಕ. ಒಬ್ಬಳು ಮಕ್ಕಳನ್ನು ಎಳೆದುಕೊಂಡು ಬಾಗಿಲು ಹಾಕಿಕೊಂಡಳು. ಕಟ್ಟೆಯ ಮೇಲೆ ಕೋಲೂರಿ ಕುಳಿತಿದ್ದ ಒಬ್ಬ ಹಣ್ಣು ಹಣ್ಣು ಮುದುಕ ಮಾತ್ರ ಅಲುಗಾಡಲಿಲ್ಲ. ಇಬ್ಬರೂ ದಿನವೂ ಅದೇ ಕಟ್ಟೆಯ ಮೇಲೆ ಎಲೆಯಡಿಕೆ ಹಾಕಿಕೊಂಡು ಕೂರುತ್ತಿದ್ದರಂತೆ. ಅವನು ಕಣ್ಣು ಕಿರಿದು ಮಾಡಿ ಗೆಳೆಯನನ್ನು ನೋಡಿ, ನಿಧಾನವಾಗಿ ಹೇಳಿದ.

"ಬಂದೇನು? ಗೊತ್ತಿತ್ತು ನನಗ. ಆ ಮಕ್ಕಳ ಮನ್ಯಾಗ ನೀ ನಿಲ್ಲಾಂವಲ್ಲ."

ಮಗಳ ಮನೆಯ ಮುಂದೆ ಹೆಣ ಇಳಿಸಿದೆವು. ಊರವರಿಗೆ ವಿಷಯ ತಿಳಿದು ಒಬ್ಬೊಬ್ಬರಾಗಿ ಬಾಗಿಲು ತೆಗೆದು ಬಂದರು. ಬಂದವರಲ್ಲಿ ಒಬ್ಬ ಗಡಿಬಿಡಿಯ ಮನುಷ್ಯ ಜನರ ನಡುವೆ ದಾರಿ ಮಾಡಿಕೊಂಡು ನೇರ ನಮ್ಮ ಅತ್ತೆಯ ಹತ್ತಿರ ಬಂದ. ಅವನೇ ಹುಡುಗಿಯ ತಂದೆ.

"ಕುಷ್ಟಗಿ ಕಡಿಯವರು ನೀವೇ ಏನ್ರಿ? ನಮ್ಮ ಮಗಳು ಮೂಲಿಗೆ ಕುಂತು ಅಳಾಕ ಹತ್ಯಾಳ್ರಿ. ವರ ಕುದುರಿ ಏರಿ ಬಂದಾನ, ನಮ್ಮ ಮುತ್ಯಾನಕಿಂತ ಮುದುಕ ಅದಾನ, ಬಳಿಗಾರನ್ನೂ ಕರಕೊಂಡ ಬಂದಾರ, ಹಸರ ಸೀರಿನೂ ತಂದಾರ, ನಾ ಒಲ್ಲೆ, ಬಾವಿ ಬೀಳತೀನಿ ಅಂತಾಳ್ರಿ!"

ಬಾವಿಯಿಂದ ಓಡಿದವಳು ಆ ಹುಡುಗಿಯೇ. ತನ್ನನ್ನು ನೋಡಲು ಬರುತ್ತಾರೆ ಎಂದು ಕೇಳಿದ್ದಳು. ದೂರದಿಂದ ಕಂಡದ್ದು ರುಮಾಲು, ಹೂಮಾಲೆ, ಕುದುರೆ, ಹಸಿರು ಸೀರೆ, ಹಿಂದೆ ಬುಟ್ಟಿ ಹೊತ್ತ ಹೆಂಗಸು. ಅವಳ ತಪ್ಪೇನೂ ಇರಲಿಲ್ಲ.

ಅತ್ತೆ ಅವರ ಮನೆಗೆ ಹೋದರು. ಸೂತಕದ ಮೈ ಎಂದು ಒಳಗೆ ಕಾಲಿಡದೆ ಅಂಗಳದಲ್ಲೇ ನಿಂತು, ಎಳೆಯ ಮಗುವನ್ನು ಸಮಾಧಾನ ಮಾಡುವ ದನಿಯಲ್ಲಿ ಕೂಗಿದರು.

"ಅಳಬ್ಯಾಡವ್ವಾ. ಅದು ವರ ಅಲ್ಲ, ಹೆಣ!"

ಒಳಗೆ ಅಳು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ, "ಖರೇನ?" ಎಂಬ ದನಿ ಬಂತು.

"ನಿಮ್ಮ ಓಣಿ ಅಜ್ಜನ ನೋಡವ್ವ, ಮುಂಜಾನೆ ಸತ್ತಾನಲ್ಲ, ಅವನ."

"ಹಂಗಾರ ಛಲೋ ಆತು ಬಿಡ್ರಿ," ಎಂದು ಹುಡುಗಿ ಬಾಯಿ ತಪ್ಪಿ ಹೇಳಿ, ಮರುಗಳಿಗೆ, "ಅಯ್ಯ, ಅಜ್ಜ!" ಎಂದು ಮತ್ತೆ ಅಳತೊಡಗಿದಳು. ಆ ಸಲ ಅತ್ತದ್ದು ಮುದುಕನಿಗಾಗಿ.

ಇತ್ತ ಹೊತ್ತು ಇಳಿಯುತ್ತಿದ್ದಂತೆ ಊರ ಹೊರಗೆ ಹಲಗೆ ಬಡಿಯುವ ಸದ್ದು ಕೇಳಿಸಿತು. ಮಕ್ಕಳಿಬ್ಬರೂ ಒಂದೇ ಹೊತ್ತಿಗೆ ಬೇವಿನ ಮರ ಮುಟ್ಟಿದ್ದರಂತೆ. ಹಿರಿಯವನು ಬಾಳೆಕಂಬ ಕಟ್ಟಿದ ವಿಮಾನದೊಂದಿಗೆ, ಕಿರಿಯವನು ಬಣ್ಣದ ಕಾಗದ ಹಚ್ಚಿದ ವಿಮಾನದೊಂದಿಗೆ, ಇಬ್ಬರ ಹಿಂದೆಯೂ ಅವರವರ ಊರಿನ ಮಂದಿ, ಭಜನೆ. ನೋಡಿದರೆ ಅಪ್ಪ ಇಲ್ಲ. ನೀನು ಕದ್ದೆ, ನೀನು ಕದ್ದೆ ಎಂದು ಅಲ್ಲಿ ಒಬ್ಬರ ರುಮಾಲು ಒಬ್ಬರು ಕಿತ್ತುಕೊಂಡ ಮೇಲೆ ಯಾರೋ ಕುದುರೆಯ ಹೆಜ್ಜೆ ಕಂಡು ಹಿಡಿದರು. ಆ ಹೆಜ್ಜೆ ಹಿಡಿದುಕೊಂಡು ಎರಡೂ ಮೆರವಣಿಗೆಗಳು ನಮ್ಮ ಹಿಂದೆಯೇ ಬಂದಿದ್ದವು.

ಮಗಳು ಬಾಗಿಲಲ್ಲಿ ನಿಂತು, "ಅಪ್ಪ ಎಲ್ಲಿಗೂ ಬರೂದಿಲ್ಲ," ಎಂದಳು. ಅಣ್ಣ ಏನೋ ಹೇಳಲು ಬಾಯಿ ತೆರೆದ. ಕಟ್ಟೆಯ ಮುದುಕ ಕೋಲು ಎತ್ತಿದ. ಅಣ್ಣ ಬಾಯಿ ಮುಚ್ಚಿದ.

ಮಣ್ಣು ಮಾಡುವುದು ಮಗಳ ಹೊಲದ ಬದುವಿನಲ್ಲೇ ಎಂದು ಊರ ಹಿರಿಯರು ತೀರ್ಪು ಹೇಳಿದರು. ಆದರೆ ಯಾರ ವಿಮಾನ? ಅದಕ್ಕೆ ಮತ್ತೆ ಜಗಳ ಹತ್ತಿತು. ಕೊನೆಗೆ ಅರ್ಧ ದಾರಿ ಹಿರಿಯವನ ವಿಮಾನ, ಅರ್ಧ ದಾರಿ ಕಿರಿಯವನ ವಿಮಾನ ಎಂದಾಯಿತು. ಹಳ್ಳದ ಹತ್ತಿರ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಮುದುಕನನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸಿದರು. ಯಾರ ಪಾಲಿನ ದಾರಿ ಉದ್ದ ಎಂದು ಅಳೆಯಲು ಕಿರಿಯವನ ಕಡೆಯವನೊಬ್ಬ ಹಗ್ಗ ತೆಗೆದನಂತೆ. ಅವನನ್ನು ಹಿರಿಯರು ಬೈದು ಹಿಂದಕ್ಕೆ ಕಳಿಸಿದರು. ಇದನ್ನು ನಮಗೆ ಹೇಳಿದವನು ಬಳೆಗಾರ. ಅವನು ಕೊನೆಯವರೆಗೂ ಇದ್ದು, ಎಲ್ಲರಂತೆ ಒಂದು ಹಿಡಿ ಮಣ್ಣು ಹಾಕಿ ಬಂದ.

ಹಸಿರು ಸೀರೆಯನ್ನು ಮಗಳು ತೊಳೆದು ಕೊಡಲು ಬಂದಳು. ಅತ್ತೆ ಮುಟ್ಟಲಿಲ್ಲ. "ನೀ ಉಟಗೋ," ಎಂದರು. ಇದನ್ನು ನಾನು ಉಡುವುದೇ, ಮುಂಡಿಗೆ ಹಸಿರು ಸೀರೆಯೇ ಎಂದು ಅವಳು ಹಿಂಜರಿದಳು. "ಉಟಗೋ ಅಂದ್ನೆಲ್ಲ. ಯಾರರ ಅಂದ್ರ ನಮ್ಮಪ್ಪಂದು ಅನ್ನು," ಎಂದರು ಅತ್ತೆ.

ಆ ದಿನ ಲಗ್ನದ ಮಾತೇನೂ ಆಡುವಂತಿರಲಿಲ್ಲ. ಜಳಕ ಮಾಡಿ ಹುಡುಗಿಯ ಮನೆಯಲ್ಲೇ ಉಳಿದೆವು. ಅತ್ತುಅತ್ತು ಮೂಗು ಕೆಂಪಾಗಿದ್ದ ಹುಡುಗಿಯೇ ನಮಗೆ ಬಡಿಸಿದಳು. ಅತ್ತೆಯ ತಾಟಿಗೆ ಸಾರು ಹಾಕುತ್ತ, ತಲೆ ಎತ್ತದೆ ಮೆಲ್ಲಗೆ ಕೇಳಿದಳು.

"ನಿಮ್ಮ ಮಗ ಮಾತಾಡತಾರೇನ್ರಿ?"

ಸಾವಿನ ಊರಲ್ಲಿ ನಗಬಾರದೆಂದು ಅತ್ತೆ ಸೆರಗನ್ನು ಬಾಯಿಗೆ ತುರುಕಿಕೊಂಡರು. ಆದರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಸಂಬಂಧ ಅಲ್ಲೇ ಕುದುರಿತು.

ಮರುದಿನ ಮನೆಗೆ ಬಂದು ಮಾವನಿಗೆ ಎಲ್ಲ ಹೇಳಿದೆವು. ಅವರು ಕೂರಿಗೆಯ ತಾಳು ಸರಿಮಾಡುತ್ತ ಕೇಳಿಸಿಕೊಂಡರು. ಹೆಣ, ಕುದುರೆ, ಎರಡು ವಿಮಾನ, ಯಾವುದಕ್ಕೂ ಬೆರಗಾಗಲಿಲ್ಲ. ಕೊನೆಗೆ ಒಂದೇ ಮಾತು ಕೇಳಿದರು.

"ಎರಡೂ ಊರ ಮಂದಿ ಬಿತ್ತಿಗಿ ಹದ ಬಿಟ್ಟು ಬಂದಿದ್ರೇನು? ಹುಚ್ಚರು."

ಬೇಸಿಗೆಯಲ್ಲಿ ಮದುವೆಯಾಯಿತು. ಆ ಹುಡುಗಿ ನನ್ನ ನೆಗೆಣ್ಣಿಯಾಗಿ ಬಂದಳು. ಇಬ್ಬರೂ ಒಂದೇ ಬೀಸುಕಲ್ಲಿಗೆ ಕೂರುತ್ತಿದ್ದೆವು. ಓಣಿಯ ಹೆಂಗಸರು ಬಂದಾಗಲೆಲ್ಲ ಅವಳು ಆ ಕಥೆ ಹೇಳುತ್ತಿದ್ದಳು. ಹೇಳಿದಂತೆ ಹೇಳಿದಂತೆ ತಟ್ಟು ದೊಡ್ಡ ಬಿಳಿ ಕುದುರೆಯಾಯಿತು. ಹಿಂದೆ ವಾಜಂತ್ರಿ ಬಂತು. ಒಂದು ಸಲವಂತೂ ಅಜ್ಜ ಅವಳನ್ನು ನೋಡಿ ಮೀಸೆ ತಿರುವಿದ. ನಾನು ತಡೆಯಲಾರದೆ, "ಏ, ನಾ ಬಾಜೂಕ ಹಿಡಕೊಂಡು ಬಂದೀನಿ. ಅವಗ ಮೀಸಿನ ಇರಲಿಲ್ಲ," ಎಂದೆ.

"ನೀ ಬೀಳತಾನಂತ ಹಿಡಕೊಂಡು ನಡದಿದ್ದಿ, ಮಾರಿ ಎಲ್ಲಿ ನೋಡೀದಿ?" ಎಂದು ಅವಳು ಕಲ್ಲಿಗೆ ಇನ್ನೊಂದು ಹಿಡಿ ಜೋಳ ಹಾಕಿದಳು.